ಬೆಳಗಾವಿಯಿಂದ ಕುಂಡಲ ರೋಡಿಗೆ

ಮಿರಜದಿಂದ ಪುಣೆಯ ಕಡೆಗೆ ರೈಲಿನಲ್ಲಿ ಹೋಗುವವರಿಗೆ ಸಾಂಗಲಿ, ಭಿಲವಡಿಗಳು ಹಿಂದಾದ ಮೇಲೆ ಕಿರ್ಲೋಸ್ಕರವಾಡಿಯೆಂಬ ಒಂದು ನಿಲ್ದಾಣವು ಬರುತ್ತದೆ. ಒಂದು ನೂರು ವರ್ಷಗಳಿಗೂ ಹಿಂದೆ ಈ ನಿಲ್ದಾಣಕ್ಕೆ ಕುಂಡಲ ರೋಡ ಎಂದು ಹೆಸರಿದ್ದಿತು. ಆಗ ಅಲ್ಲಿ ಇಳಿಯುವವರೂ ಕಡಿಮೆ, ಹತ್ತುವವರೂ ಕಡಿಮೆ. ಸುತ್ತಲೂ ಪಾಪಾಸುಕಳ್ಳಿ ಬೆಳೆದ ಬಂಜರು ನೆಲ. ಆ ಕಳ್ಳಿಯ ಮೆಳೆಗಳಲ್ಲಿ ನಾಗರ ಹಾವುಗಳು. ಅಂಥ ಜಾಗಕ್ಕೆ 1910ರಲ್ಲಿ ಬೆಳಗಾವಿಯಿಂದ ಒಬ್ಬ ಗೃಹಸ್ಥರು ತಮ್ಮ ಯಂತ್ರಗಳನ್ನೂ ತಮ್ಮ ಜನರನ್ನೂ ಕಟ್ಟಿಕೊಂಡು ಬಂದಿಳಿದರು. ಅವರೇ ಲಕ್ಷ್ಮಣರಾವ ಕಾಶೀನಾಥ ಕಿರ್ಲೋಸ್ಕರರು.

ನಮ್ಮ ಸಂಘದ ತರುಣ ಸದಸ್ಯರು ಆಗಾಗ ಒಂದು ಪ್ರಶ್ನೆಯನ್ನು ಎತ್ತುತ್ತಾರೆ. ಗಡಿಯ ಜನರಾದ ನಮ್ಮಲ್ಲಿ ನೌಕರಿಯನ್ನು ಅರಸುವವರು ಹೆಚ್ಚು, ಉದ್ಯಮವನ್ನು ಕಟ್ಟುವವರು ಕಡಿಮೆ. ಇದಕ್ಕೆ ಕಾರಣವೇನು, ಎಂದು. ಈ ಪ್ರಶ್ನೆಗೆ ಉತ್ತರವನ್ನು ಕೊಡುವ ಸಾಮರ್ಥ್ಯವು ನಮಗಿಲ್ಲ. ಆದರೆ ಒಬ್ಬ ಮನುಷ್ಯನು ಉದ್ಯಮವನ್ನು ಹೇಗೆ ಕಟ್ಟುತ್ತಾನೆ, ಕಟ್ಟುವ ಮುನ್ನ ಎಷ್ಟು ಸಲ ನೆಲಕ್ಕೆ ಬೀಳುತ್ತಾನೆ ಎಂಬುದನ್ನು ನಮ್ಮ ನೆರೆಯಲ್ಲಿಯೇ ನಡೆದ ಒಂದು ಇತಿಹಾಸದಿಂದ ತಿಳಿದುಕೊಳ್ಳಬಹುದು. ಕಿರ್ಲೋಸ್ಕರ ಎಂಬ ಹೆಸರು ಇಂದು ನೀರೆತ್ತುವ ಪಂಪುಗಳ ಮೇಲೆ, ಎಂಜಿನುಗಳ ಮೇಲೆ ಹಳ್ಳಿಹಳ್ಳಿಗೂ ಪರಿಚಿತವಾಗಿದೆ. ದೊಡ್ಡ ಹೆಸರಾದ ಮೇಲೆ ಅದರ ಹಿಂದಿನ ಬರಿಗೈಯ ವರ್ಷಗಳನ್ನು ಜನರು ಮರೆಯುತ್ತಾರೆ. ನಾವು ಹೇಳಹೊರಟಿರುವದು ಮುಖ್ಯವಾಗಿ ಆ ವರ್ಷಗಳ ಮಾತು.

ಲಕ್ಷ್ಮಣರಾಯರು ಹುಟ್ಟಿದ್ದು 1869ನೆಯ ಇಸವಿಯ ಜೂನ್ 20ರಂದು, ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ. ಮನೆತನದ ಹೆಸರು ಕೊಂಕಣದ ಕಿರ್ಲೋಸಿ ಗ್ರಾಮದಿಂದ ಬಂದದ್ದು. ಮನೆಯ ಮಾತು ಮರಾಠಿ. ಊರು ಮಾತ್ರ ಸವದತ್ತಿ ಸೀಮೆಯ ಅಚ್ಚ ಕನ್ನಡದ ಊರು. ಮರಾಠೀ ಸಂಗೀತ ನಾಟಕಕ್ಕೆ ಅಡಿಗಲ್ಲನ್ನಿಟ್ಟ ಅಣ್ಣಾಸಾಹೇಬ ಕಿರ್ಲೋಸ್ಕರರೂ ಇದೇ ಊರಿನಲ್ಲಿ 1843ರಲ್ಲಿ ಹುಟ್ಟಿದವರು, ಇದೇ ಮನೆತನದವರು. ಒಂದೇ ಹಳ್ಳಿಯಿಂದ ರಂಗಭೂಮಿಗೊಬ್ಬರು, ಯಂತ್ರೋದ್ಯಮಕ್ಕೊಬ್ಬರು! ಗುರ್ಲಹೊಸೂರಿನ ನೀರಿನ ಗುಣವೋ ಏನೋ, ನಾವು ಅರಿಯೆವು. ತಂದೆಯವರಾದ ಕಾಶೀನಾಥಪಂತರು ವೇದಾಂತದಲ್ಲಿ ಪಂಡಿತರು. ಮಗನಿಗೆ ಮಾತ್ರ ಪುಸ್ತಕದ ಓದಿಗಿಂತ ಚಿತ್ರ ಬರೆಯುವದರಲ್ಲಿ, ಯಂತ್ರಗಳನ್ನು ಬಿಚ್ಚಿ ಕೂಡಿಸುವದರಲ್ಲಿ ಆಸಕ್ತಿ. ಮನೆಯವರಿಗೆ ಇದು ಸುಖವಾಗಿ ಕಂಡಿರಲಾರದು. ಅಣ್ಣ ರಾಮುಅಣ್ಣನವರು ಮಾತ್ರ ತಮ್ಮನ ಬೆನ್ನಿಗೆ ನಿಂತರು, ಕೊನೆಯವರೆಗೂ ನಿಂತರು.

1885ರಲ್ಲಿ, ಹದಿನಾರರ ವಯಸ್ಸಿನಲ್ಲಿ, ಲಕ್ಷ್ಮಣರಾಯರು ಮುಂಬಯಿಗೆ ಹೋಗಿ ಜೆ. ಜೆ. ಕಲಾಶಾಲೆಯನ್ನು ಸೇರಿದರು. ಚಿತ್ರಕಾರನಾಗಬೇಕೆಂಬುದು ಹಂಬಲ. ಎರಡು ವರ್ಷಗಳ ತರುವಾಯ ಒಂದು ಸಂಗತಿಯು ಬಯಲಾಯಿತು: ಕೆಲವು ಬಣ್ಣಗಳ ಭೇದವು ಅವರ ಕಣ್ಣಿಗೆ ತಿಳಿಯದು. ಚಿತ್ರಕಾರನಾಗಬೇಕಾದವನಿಗೆ ಬಣ್ಣಗುರುಡು! ಹದಿನೆಂಟರ ಹುಡುಗನಿಗೆ ಇದಕ್ಕಿಂತ ಕ್ರೂರವಾದ ಸುದ್ದಿಯನ್ನು ಊಹಿಸುವದು ಕಠಿಣ. ಆದರೆ ಬಣ್ಣದ ಗೊಡವೆಯೇ ಇಲ್ಲದ ಒಂದು ಚಿತ್ರವಿದ್ಯೆಯಿದೆ, ಯಂತ್ರಗಳ ರೇಖಾಚಿತ್ರ. ಕರಿಯ ಗೆರೆ, ಬಿಳಿಯ ಕಾಗದ, ಅಳತೆ, ಇಷ್ಟೇ. ಲಕ್ಷ್ಮಣರಾಯರು ಆ ಕಡೆಗೆ ಹೊರಳಿದರು. ಆಗ ತಾನೆ ಸ್ಥಾಪಿತವಾಗಿದ್ದ ವಿಕ್ಟೋರಿಯಾ ಜ್ಯುಬಿಲಿ ತಾಂತ್ರಿಕ ಸಂಸ್ಥೆಯಲ್ಲಿ ಅವರಿಗೆ ಶಿಕ್ಷಕನ ಕೆಲಸವೂ ದೊರೆಯಿತು. ವರ್ಗದಲ್ಲಿ ಕಲಿಸುವದು ಹೊಟ್ಟೆಯ ಪಾಡಿಗೆ. ಉಳಿದ ಹೊತ್ತು ಕಾರ್ಯಾಗಾರದಲ್ಲಿ ಕೈಯನ್ನು ಹದಮಾಡಿಕೊಳ್ಳುವದು. ಅಮೇರಿಕೆಯ ಯಂತ್ರವಿದ್ಯೆಯ ಪತ್ರಿಕೆಗಳನ್ನು ಓದುವ ಚಟವೂ ಅವರಿಗೆ ಇದ್ದಿತು.

1888ರಲ್ಲಿ ಅಣ್ಣತಮ್ಮಂದಿರು ಒಂದು ಸಣ್ಣ ವ್ಯಾಪಾರವನ್ನು ಹೂಡಿದರು. ತಮ್ಮನು ಮುಂಬಯಿಯಲ್ಲಿ ಸಾಯಕಲ್ಲುಗಳನ್ನು ಕೊಂಡು ಕಳಿಸುವದು, ಅಣ್ಣನು ಬೆಳಗಾವಿಯಲ್ಲಿ ಮಾರುವದು; ಕೊಂಡವರಿಗೆ ನಡೆಸುವದನ್ನು ಕಲಿಸುವ ಕೆಲಸವೂ ಅಣ್ಣನದೇ. ಕಿರ್ಲೋಸ್ಕರ ಬಂಧುಗಳು ಎಂಬ ಫಲಕವು ಮೊದಲು ಏರಿದ್ದು ಈ ಅಂಗಡಿಯ ಮೇಲೆ. ಆಗ ಲಕ್ಷ್ಮಣರಾಯರಿಗೆ ಹತ್ತೊಂಬತ್ತು ವರ್ಷ. ಇದು ದೊಡ್ಡ ಲಾಭದ ವ್ಯಾಪಾರವಾಗಿರಲಿಲ್ಲ. ಸಾಯಕಲ್ ಎಂಬುದು ಅಂದು ಸಾಹೇಬರ, ಶ್ರೀಮಂತರ ವಸ್ತು. ಆದರೆ ಮುಂದಿನ ಎಲ್ಲದರ ಬೀಜವು ಅಲ್ಲಿಯೇ ಬಿದ್ದಿತು.

ಕೆಲವು ವರ್ಷಗಳ ನಂತರ ಮುಂಬಯಿಯ ನೌಕರಿಯಲ್ಲಿ ಬಡತಿಯ ಸಮಯವು ಬಂದಾಗ ಅರ್ಹರಾದ ಲಕ್ಷ್ಮಣರಾಯರನ್ನು ಬದಿಗಿಟ್ಟು ಒಬ್ಬ ಆಂಗ್ಲೋ-ಇಂಡಿಯನ್ನನಿಗೆ ಆ ಜಾಗವನ್ನು ಕೊಡಲಾಯಿತು. ಆ ಕಾಲದಲ್ಲಿ ಇದು ಆಶ್ಚರ್ಯದ ಸಂಗತಿಯೇನೂ ಅಲ್ಲ. ನುಂಗಿಕೊಂಡು ಪಿಂಚಣಿಯ ದಾರಿ ನೋಡಿದವರೇ ಬಹಳ. ಲಕ್ಷ್ಮಣರಾಯರು ಕೆಲಸವನ್ನು ಬಿಟ್ಟರು. ಮತ್ತೊಬ್ಬರ ಚಾಕರಿ ಸಾಕೆಂದು ನಿರ್ಧರಿಸಿ ಬೆಳಗಾವಿಗೆ ಮರಳಿದರು. ಕಣ್ಣಿನ ದೋಷವು ದೈವಕೃತ. ಬಡತಿಯ ಅನ್ಯಾಯವು ಮನುಷ್ಯಕೃತ. ಎರಡೂ ಕೂಡಿ ಅವರನ್ನು ಒಂದೇ ದಾರಿಗೆ ತಂದವು.

ಬೆಳಗಾವಿಯಲ್ಲಿ ಅವರು ಸಣ್ಣ ಕಾರ್ಯಾಗಾರವನ್ನು ತೆರೆದು ಮೊದಲು ಮಾಡಿದ ವಸ್ತು, ದನಗಳ ಮೇವನ್ನು ಕತ್ತರಿಸುವ ಯಂತ್ರ. ಜೋಳದ ಸೀಮೆಯ ನಮಗೆ ಇದರ ಮಹತ್ವವನ್ನು ಬಿಡಿಸಿ ಹೇಳಬೇಕಾಗಿಲ್ಲ. ಕಣಿಕೆಯನ್ನು ಇಡಿಯಾಗಿ ಹಾಕಿದರೆ ಎತ್ತು ತಿನ್ನುವದಕ್ಕಿಂತ ತುಳಿಯುವದೇ ಹೆಚ್ಚು. ಕತ್ತರಿಸಿ ಹಾಕಿದರೆ ದಂಟೂ ಹೊಟ್ಟೆಗೆ ಸೇರುತ್ತದೆ. ಬರಗಾಲದ ವರ್ಷ ಒಂದು ಬಣವೆಯು ಇನ್ನೂ ಕೆಲವು ದಿನ ಬಾಳುತ್ತದೆ. ಎರಡನೆಯ ವಸ್ತು ಕಬ್ಬಿಣದ ನೇಗಿಲು. ಇಲ್ಲಿ ಸ್ವಲ್ಪ ನಿಲ್ಲಬೇಕು.

ನಮ್ಮ ಕಟ್ಟಿಗೆಯ ರಂಟೆಯು ನೆಲವನ್ನು ಸೀಳುತ್ತದೆ, ಮಗುಚುವದಿಲ್ಲ. ಎರಡು ಸಾಲುಗಳ ನಡುವೆ ಉಳದ ನೆಲವು ದಿಂಡಾಗಿ ಉಳಿಯುತ್ತದೆ. ಆದ್ದರಿಂದ ಅಡ್ಡ ಉಳಬೇಕು, ಮತ್ತೆ ಉದ್ದ ಉಳಬೇಕು. ಎರೆಯ ಹೊಲದಲ್ಲಿ ಕರಿಕೆ ಬೇರೂರಿತೆಂದರೆ ರಂಟೆಗೆ ಅದು ಜಗ್ಗುವದಿಲ್ಲ. ಒಕ್ಕಲಿಗನ ಮನೆಮಂದಿಯೆಲ್ಲ ಬೇಸಿಗೆಯಲ್ಲಿ ಗುದ್ದಲಿ ಹಿಡಿದು ಅಗೆಯಬೇಕು, ಇಲ್ಲವೆ ಹೊಲವನ್ನು ಕರಿಕೆಗೆ ಬಿಟ್ಟುಕೊಡಬೇಕು. ಕಬ್ಬಿಣದ ನೇಗಿಲಿನ ಬಾಗಿದ ಹಲಗೆಯಾದರೋ ಮಣ್ಣಿನ ಹೆಂಟೆಯನ್ನು ಎತ್ತಿ ತಲೆಕೆಳಗು ಮಾಡುತ್ತದೆ. ಬೇರು ಮೇಲಾಗಿ ಬಿಸಿಲಿಗೆ ಒಣಗುತ್ತದೆ. ಇಂಥ ನೇಗಿಲುಗಳು ಆಗ ಇಂಗ್ಲಂಡಿನಿಂದ ಬರುತ್ತಿದ್ದವು. ಅದೇ ವಸ್ತುವನ್ನು ಇಲ್ಲಿಯ ಎರಕದಿಂದ, ಇಲ್ಲಿಯ ಎತ್ತಿಗೆ ತಕ್ಕಂತೆ ಮಾಡಬಹುದೆಂಬುದು ಲಕ್ಷ್ಮಣರಾಯರ ಹಟ.

ಮಾಡಿದರು. ಕೊಳ್ಳುವವರು ಯಾರೂ ಇಲ್ಲ. ಮೊದಲನೆಯ ನೇಗಿಲು ಮಾರಾಟವಾಗುವದಕ್ಕೆ ಎರಡು ವರ್ಷಗಳು ಹಿಡಿದವು. ಕಬ್ಬಿಣವು ಹೊಲಕ್ಕೆ ವಿಷವಾಗುತ್ತದೆಂದು ರೈತರು ಹೆದರಿದರೆಂಬ ಮಾತನ್ನು ಈ ಇತಿಹಾಸವನ್ನು ಬರೆದವರೆಲ್ಲರೂ ಹೇಳುತ್ತ ಬಂದಿದ್ದಾರೆ. ಕೆಲವರು ಹಾಗೆ ಅಂದಿರಲೂಬಹುದು. ಆದರೆ ಒಕ್ಕಲಿಗನನ್ನು ಇಷ್ಟು ಸುಲಭವಾಗಿ ಮೂಢನೆಂದು ತಳ್ಳಿಹಾಕುವದಕ್ಕೆ ನಮ್ಮ ಮನಸ್ಸು ಒಪ್ಪುವದಿಲ್ಲ. ಅವನ ರಂಟೆಯ ಕುಳವು ಕಬ್ಬಿಣದ್ದೇ ಅಲ್ಲವೆ? ಕುಂಟೆಯ ಕುಡವೂ ಕಬ್ಬಿಣದ್ದೇ. ತಲೆತಲಾಂತರದಿಂದ ಅವನು ಭೂಮಿಗೆ ಕಬ್ಬಿಣವನ್ನು ಇಳಿಸುತ್ತಲೇ ಬಂದಿದ್ದಾನೆ. ನಿಜವಾದ ಅಂಜಿಕೆ ಬೇರೆಯದಿರಬೇಕು. ರಂಟೆ ಮುರಿದರೆ ಊರ ಬಡಿಗನಿದ್ದಾನೆ, ಕುಳ ಮೊಂಡಾದರೆ ಕಮ್ಮಾರನಿದ್ದಾನೆ. ಅವರ ಕೂಲಿ ಸುಗ್ಗಿಯಲ್ಲಿ ಆಯದ ಕಾಳಾಗಿ ಸಲ್ಲುತ್ತದೆ, ಕೈಯಿಂದ ರೊಕ್ಕ ಬಿಚ್ಚಬೇಕಾಗಿಲ್ಲ. ಎರಕದ ಕಬ್ಬಿಣವು ಬಿರುಸಾದದ್ದು; ಕಲ್ಲಿಗೆ ತಾಗಿ ಒಡೆಯಿತೆಂದರೆ ಯಾವ ಕಮ್ಮಾರನೂ ಅದನ್ನು ಬೆಸೆಯಲಾರ. ಅದಲ್ಲದೆ ಎರೆಯಲ್ಲಿ ಈ ಭಾರದ ನೇಗಿಲನ್ನು ಎಳೆಯುವದಕ್ಕೆ ಒಂದು ಜೋಡಿ ಎತ್ತು ಸಾಲದು. ನಾಲ್ಕೆತ್ತು, ಆರೆತ್ತು ಬೇಕು. ಒಂದು ತಪ್ಪಾದರೆ ಒಂದು ವರ್ಷದ ಅನ್ನವು ಹೋಗುವ ಮನೆಯಲ್ಲಿ ಹೊಸದನ್ನು ಮೊದಲು ಬೇರೆಯವರು ಮಾಡಲಿ ಎನ್ನುವದು ಮೂಢತನವಲ್ಲ.

ಲಕ್ಷ್ಮಣರಾಯರ ಯಶಸ್ಸಿನ ಗುಟ್ಟೂ ಇಲ್ಲಿಯೇ ಇದೆಯೆಂದು ನಮ್ಮ ಅಭಿಪ್ರಾಯ. ಇಂಗ್ಲಂಡಿನ ನೇಗಿಲಿನ ಭಾಗವು ಒಡೆದರೆ ಸಮುದ್ರದಾಚೆಯಿಂದ ಬರಬೇಕು. ಬೆಳಗಾವಿಯ ನೇಗಿಲಿನ ಭಾಗವು ಬೆಳಗಾವಿಯಲ್ಲಿಯೇ ಎರಕವಾಗುತ್ತದೆ. ಒಮ್ಮೆ ಇದು ರೈತನ ಅನುಭವಕ್ಕೆ ಬಂದಿತೆಂದರೆ ಉಳಿದ ಅಂಜಿಕೆಗಳು ತಾವಾಗಿಯೇ ಕರಗುತ್ತವೆ. ಆದರೆ ಅನುಭವಕ್ಕೆ ಬರುವವರೆಗೆ ಕಾರಖಾನೆಯು ಬದುಕಿರಬೇಕಲ್ಲ! ಮಾರದ ನೇಗಿಲುಗಳನ್ನು ಮುಂದಿಟ್ಟುಕೊಂಡು ಎರಡು ವರ್ಷ ಕಾಯುವದೆಂದರೇನೆಂಬುದನ್ನು ಅಂಗಡಿಯಿಟ್ಟ ಯಾರನ್ನಾದರೂ ಕೇಳಬೇಕು.

ನೇಗಿಲು ನೆಲಕ್ಕೆ ಹತ್ತಿತು, ವ್ಯಾಪಾರವು ಕುದುರಿತು ಎನ್ನುವಷ್ಟರಲ್ಲಿ ಬೆಳಗಾವಿಯ ಪೌರಸಭೆಯ ಆಜ್ಞೆಯು ಬಂದಿತು. ಊರಿಗೆ ಹೊಸ ಬಡಾವಣೆಯನ್ನು ಕಟ್ಟಬೇಕು, ಅದಕ್ಕಾಗಿ ಕಾರಖಾನೆಯ ಜಾಗವನ್ನು ತೆರವು ಮಾಡಬೇಕು, ಎಂದು. ಇಂದು ನಾವು ಟಿಳಕವಾಡಿ ಎಂದು ಕರೆಯುವದು ಆ ಬಡಾವಣೆಯನ್ನೇ. ಪೌರಸಭೆಯನ್ನು ತೀರ ಹಳಿಯುವದೂ ನ್ಯಾಯವಲ್ಲ. ಬೆಳೆಯುವ ಊರಿಗೆ ಮನೆಗಳು ಬೇಕು. ಆದರೆ ಮನೆಗಳಿಗೆ ಬೇರೆ ಜಾಗ ಸಿಗಬಹುದಾಗಿದ್ದಿತು. ಆ ನಾಲ್ಕು ಗೋಡೆಗಳ ಒಳಗೆ ಏನು ಮೊಳೆಯುತ್ತಿದೆಯೆಂಬುದು ಪೌರಸಭೆಯ ಯಾವ ಸದಸ್ಯನ ಕಣ್ಣಿಗೂ ಬೀಳಲಿಲ್ಲ. ಸಾಯಕಲ್ ಅಂಗಡಿಯಿಂದ ಲೆಕ್ಕ ಹಿಡಿದರೆ ಇಪ್ಪತ್ತೆರಡು ವರ್ಷಗಳ ದುಡಿಮೆ. ವಯಸ್ಸು ನಲವತ್ತು ದಾಟಿದೆ. ಕೈಯಲ್ಲಿ ಹಣವಿಲ್ಲ, ಕಾಲ ಕೆಳಗೆ ನೆಲವಿಲ್ಲ.

ಆ ಸಮಯಕ್ಕೆ ಲಕ್ಷ್ಮಣರಾಯರು ಔಂಧ ಸಂಸ್ಥಾನದಲ್ಲಿ ಒಂದು ಗುತ್ತಿಗೆಯ ಕೆಲಸವನ್ನು ಹಿಡಿದಿದ್ದರು. ಅಲ್ಲಿಯ ಯಮಾಯಿ ದೇವಿಯ ಗುಡಿಗೆ ಸಭಾಮಂಟಪವನ್ನು ಕಟ್ಟಿಸುವ ಕೆಲಸ. ಹೊಟ್ಟೆಗಾಗಿ ಹಿಡಿದ ಈ ಗುತ್ತಿಗೆಯೇ ಅವರನ್ನು ಕಾಯಿತು. ಔಂಧದ ಅರಸರಾದ ಬಾಳಾಸಾಹೇಬ ಪಂತಪ್ರತಿನಿಧಿಯವರು ತಾವೇ ಚಿತ್ರಕಾರರು, ಕಲೆಗಾರರ ಕೈಯನ್ನು ಗುರುತಿಸಬಲ್ಲವರು. ಸೂರ್ಯನಮಸ್ಕಾರದ ಪ್ರಚಾರದಿಂದ ಮುಂದೆ ದೂರದೇಶಗಳಲ್ಲಿಯೂ ಹೆಸರಾದವರು. ಕಾರಖಾನೆಗೆ ಬಂದೊದಗಿದ ಗತಿಯನ್ನು ಕೇಳಿ, ನಮ್ಮ ಸಂಸ್ಥಾನದಲ್ಲಿ ನಿಮಗೆ ಬೇಕಾದ ಜಾಗವನ್ನು ಆರಿಸಿಕೊಳ್ಳಿರಿ ಎಂದರು. ಹಣದ ನೆರವನ್ನೂ ಮಾಡಿದರು. ಔಂಧವು ನಕಾಶೆಯಲ್ಲಿ ಚದುರಿದ ಚೂರುಗಳ ಸಂಸ್ಥಾನ. ಅದರ ಒಂದು ಚೂರು ನಮ್ಮ ವಿಜಾಪುರ ಜಿಲ್ಲೆಯ ಗುಣದಾಳದಲ್ಲಿಯೂ ಇದ್ದಿತೆಂಬುದನ್ನು ಇಲ್ಲಿಯ ಹಿರಿಯರು ಬಲ್ಲರು. ಲಕ್ಷ್ಮಣರಾಯರು ಆರಿಸಿಕೊಂಡದ್ದು ಕುಂಡಲದ ಚೂರಿನಲ್ಲಿ, ರೈಲು ನಿಲ್ದಾಣದ ಮಗ್ಗುಲಿಗೆ, 32 ಎಕರೆ ಕಳ್ಳಿಯ ನೆಲವನ್ನು. ಯಾರಿಗೂ ಬೇಡವಾದ ಭೂಮಿ. ಆದರೆ ಬೆಳಗಾವಿಯಿಂದ ಪುಣೆಗೆ ಹೋಗುವ ರೈಲಿನ ಹಳಿ ಅದರ ಬಳಿಯಲ್ಲಿಯೇ ಹಾಯುತ್ತಿದ್ದಿತು. ಕಬ್ಬಿಣವನ್ನು ತರಿಸುವವನಿಗೆ, ನೇಗಿಲನ್ನು ಕಳಿಸುವವನಿಗೆ ಮಣ್ಣಿನ ಗುಣಕ್ಕಿಂತ ಹಳಿಯೇ ದೊಡ್ಡದು.

1910ರ ಮಾರ್ಚ್ ತಿಂಗಳಲ್ಲಿ ಹೊಸ ಊರಿಗೆ ಆರಂಭವಾಯಿತು. ಕಳ್ಳಿಯನ್ನು ಕಡಿದು, ಹಾವುಗಳನ್ನು ಓಡಿಸಿ, ಜನರು ಮೊದಲು ತಲೆಯ ಮೇಲೊಂದು ಸೂರನ್ನು ಮಾಡಿಕೊಳ್ಳಬೇಕಾಯಿತು. ಕಾರಖಾನೆಯೊಂದಿಗೆ ಮನೆಗಳೂ ಬಂದವು. ಇಂದಿನ ಝಾರಖಂಡದ ಕಾಡಿನಲ್ಲಿ ಟಾಟಾರವರ ಜಮಶೇಡಪುರವು ಏಳುತ್ತಿದ್ದ ಕಾಲವೇ ಇದು. ಅಲ್ಲಿ ಕೋಟಿಗಳ ಬಂಡವಾಳ, ಇಲ್ಲಿ ಸಾವಿರಗಳ ಸಾಲ. ರಾಮುಅಣ್ಣನವರು ಊರಿನ ಕಾರಭಾರವನ್ನು ವಹಿಸಿಕೊಂಡರು. ಶಂಭುರಾವ ಜಾಂಭೇಕರರು ಎಂಜಿನಿಯರರು. ಮಂಗೇಶರಾವ ರೇಗೆಯವರು ಲೆಕ್ಕಪತ್ರದವರು. ಶಾಲೆಯನ್ನು ಅರ್ಧಕ್ಕೆ ಬಿಟ್ಟ ಅನಂತರಾವ ಫಳಣೀಕರರು ಹೊಸ ಹೊಸ ಯಂತ್ರಗಳನ್ನು ಕಲ್ಪಿಸುವವರು. ಕಾವಲಿಗೆ ಸೆರೆಮನೆಯನ್ನು ಕಂಡು ಬಂದ ದರೋಡೆಯ ಮಂದಿಯನ್ನೇ ಇಟ್ಟರು. ಕಳ್ಳನ ಕೈಯಲ್ಲಿ ಕೀಲಿ ಕೊಡುವದೆಂದರೆ ನಮ್ಮಂಥವರಿಗೆ ರಾತ್ರಿ ನಿದ್ದೆ ಬರಲಾರದು. ಲಕ್ಷ್ಮಣರಾಯರಿಗೆ ಬಂದಿತೆಂದು ತೋರುತ್ತದೆ. ಆ ಊರಿನಲ್ಲಿ ಅಸ್ಪೃಶ್ಯತೆಯ ಆಚರಣೆಗೆ ಅವರು ಎಡೆಗೊಡಲಿಲ್ಲ. 1910ರ ಸುಮಾರಿಗೆ ಇದನ್ನು ಹೇಳುವದು ಬೇರೆ, ನಡೆಯಿಸುವದು ಬೇರೆ.

ನಾಲ್ಕು ವರ್ಷ ಕಳೆಯುವದರಲ್ಲಿ ಮೊದಲನೆಯ ಮಹಾಯುದ್ಧವು ಹೊತ್ತಿಕೊಂಡಿತು. ಇದರಿಂದ ಲಾಭವೂ ಆಯಿತು, ಸಂಕಟವೂ ಆಯಿತು. ವಿಲಾಯತಿಯ ನೇಗಿಲುಗಳು ಬರುವದು ನಿಂತು ಕಿರ್ಲೋಸ್ಕರರ ನೇಗಿಲಿಗೆ ಬೇಡಿಕೆಯು ಏರಿತು; ಆದರೆ ಎರಕಕ್ಕೆ ಕಬ್ಬಿಣವೇ ಸಿಗದಾಯಿತು. ಆಗ ಕೊಲ್ಲಾಪುರದ ಶಾಹೂ ಮಹಾರಾಜರು ತಮ್ಮ ಕೋಟೆಯಲ್ಲಿ ಬಿದ್ದಿದ್ದ ಹಳೆಯ ತೋಪುಗಳನ್ನು ಕರಗಿಸಿಕೊಳ್ಳಲು ಕೊಟ್ಟರೆಂದು ಹೇಳುತ್ತಾರೆ. ಜಗತ್ತೆಲ್ಲ ತೋಪುಗಳನ್ನು ಎರಕ ಹೊಯ್ಯುತ್ತಿದ್ದಾಗ ಕುಂಡಲ ರೋಡಿನಲ್ಲಿ ತೋಪುಗಳು ಕರಗಿ ನೇಗಿಲಾದವು.

ಯುದ್ಧವು ಮುಗಿದ ಮೇಲೆ 1920ರ ಜನವರಿಯಲ್ಲಿ ಅಣ್ಣತಮ್ಮಂದಿರ ಉದ್ಯೋಗವು ಕಿರ್ಲೋಸ್ಕರ ಬಂಧುಗಳು ಎಂಬ ನಿಯಮಿತ ಕಂಪನಿಯಾಯಿತು. ಅದೇ ವರ್ಷದಲ್ಲಿ ಕಾರಖಾನೆಯ ಮಾಲನ್ನು ಗಿರಾಕಿಗಳಿಗೆ ಪರಿಚಯಿಸಲು ‘ಕಿರ್ಲೋಸ್ಕರ ಖಬರ’ ಎಂಬ ಪತ್ರಿಕೆಯನ್ನು ಮನೆತನದ ಶಂಕರರಾಯರು ಆರಂಭಿಸಿದರು. ನೇಗಿಲಿನ ಜಾಹೀರಾತಿಗೆಂದು ಹುಟ್ಟಿದ ಆ ಹಾಳೆಗಳು ಮರಾಠಿಯ ಒಂದು ಮುಖ್ಯ ಸಾಹಿತ್ಯ ಮಾಸಿಕವಾಗಿ ಬೆಳೆದವು. 1930ರಲ್ಲಿ ಅದರ ಸಂಗಡ ‘ಸ್ತ್ರೀ’ ಎಂಬ ಇನ್ನೊಂದೂ ಹೊರಟಿತು. ಕಲ್ಲಚ್ಚಿನ ಹಾಳೆಯಲ್ಲಿ ಕೈಯನ್ನೆಲ್ಲ ಮಸಿ ಮಾಡಿಕೊಳ್ಳುವ ನಮಗೆ ಇದನ್ನು ನೆನೆದಾಗ ಸ್ವಲ್ಪ ಹೊಟ್ಟೆಯುರಿಯೂ ಆಗುತ್ತದೆಂಬುದನ್ನು ಮುಚ್ಚಿಡುವದೇಕೆ?

ಮುಂದಿನ ಕಥೆಯನ್ನು ಚುಟುಕಾಗಿ ಹೇಳಬಹುದು. ದೊಡ್ಡದಾದ ಮೇಲಿನ ಕಥೆಯನ್ನು ಹೇಳುವವರು ಬಹಳ ಜನರಿದ್ದಾರೆ. ಲಕ್ಷ್ಮಣರಾಯರ ಹಿರಿಯ ಮಗ ಶಂತನುರಾಯರು 1903ರಲ್ಲಿ ಹುಟ್ಟಿದ್ದು ನಮ್ಮ ಸೊಲ್ಲಾಪುರದಲ್ಲಿ. ಅಮೇರಿಕೆಯ ಮೆಸಾಚುಸೆಟ್ಸಿನಲ್ಲಿ ಯಂತ್ರವಿದ್ಯೆಯನ್ನು ಓದಿ 1926ರಲ್ಲಿ ಮರಳಿ ಅವರು ತಂದೆಯ ಕೈಗೆ ಕೈ ಕೂಡಿಸಿದರು. ನೇಗಿಲು, ಕಬ್ಬಿನ ಗಾಣ, ಶೇಂಗಾ ಒಡೆಯುವ ಯಂತ್ರಗಳ ಜೊತೆಗೆ ಪಂಪು, ಎಂಜಿನುಗಳು ಬಂದವು. 1930ರ ಸುಮಾರಿನ ಜಾಗತಿಕ ಮುಗ್ಗಟ್ಟಿನಲ್ಲಿ ರೈತನ ಕಾಳಿಗೆ ಬೆಲೆ ಬೀಳಲು ನೇಗಿಲನ್ನು ಕೇಳುವವರು ಇಲ್ಲದಾದರು. ಆಗ ಕಬ್ಬಿಣದ ಪೀಠೋಪಕರಣಗಳನ್ನು ಮಾಡಿ ಕುಲುಮೆಯನ್ನು ಆರಗೊಡದೆ ಉಳಿಸಿದರು. 1941ರಲ್ಲಿ ಮೈಸೂರು ಸಂಸ್ಥಾನದ ಹರಿಹರದಲ್ಲಿ ಯಂತ್ರಗಳನ್ನೇ ಮಾಡುವ ಯಂತ್ರಗಳ ಕಾರಖಾನೆಯು, 1946ರಲ್ಲಿ ಬೆಂಗಳೂರಿನಲ್ಲಿ ವಿದ್ಯುದ್ಯಂತ್ರಗಳ ಕಂಪನಿಯು ಸ್ಥಾಪಿತವಾದವು. ಬೆಳಗಾವಿಯು ಹೊರಗಟ್ಟಿದ ಉದ್ಯಮವು ತುಂಗಭದ್ರೆಯ ದಂಡೆಯಿಂದ ಮತ್ತೆ ಕನ್ನಡ ನಾಡನ್ನು ಹೊಕ್ಕಿತು. ಹರಿಹರದ ಆ ಕಾರಖಾನೆಯು ಅರ್ಧ ಶತಮಾನಕ್ಕೂ ಮಿಕ್ಕಿ ನಡೆದು ಈಗ ಮುಚ್ಚಿ ಹೋಗಿದೆ.

ಇನ್ನೊಂದು ಪೆಟ್ಟನ್ನು ಮಾತ್ರ ಹೇಳದೆ ಬಿಡುವಂತಿಲ್ಲ. 1948ರಲ್ಲಿ ಗಾಂಧೀಜಿಯವರ ಹತ್ಯೆಯ ಬೆನ್ನಿಗೆ ಆ ಸೀಮೆಯಲ್ಲಿ ಎದ್ದ ಗಲಭೆಯಲ್ಲಿ, ಕೊಂದವನ ಜಾತಿಯವರೆಂಬ ಒಂದೇ ಕಾರಣಕ್ಕಾಗಿ, ಗುಂಪುಗಳು ಕಿರ್ಲೋಸ್ಕರವಾಡಿಯ ಕಾರಖಾನೆಗೆ ಬೆಂಕಿಯನ್ನಿಟ್ಟವು. ಲಕ್ಷ್ಮಣರಾಯರಿಗೆ ಆಗ ಎಪ್ಪತ್ತೆಂಟು ವರ್ಷ. ತಾವು ಕಳ್ಳಿಯನ್ನು ಕಡಿದು ಎಬ್ಬಿಸಿದ್ದು ಬೂದಿಯಾದದ್ದನ್ನು ಆ ವಯಸ್ಸಿನಲ್ಲಿ ಕಂಡರು. ಕಾರಖಾನೆಯು ಮತ್ತೆ ಎದ್ದಿತು, ಅದನ್ನೂ ಕಂಡರು.

ಅಕ್ಕಲಕೋಟೆಯ ಕಡೆಯ ಒಂದು ಹಳ್ಳಿಗೆ ನಾವು ಸಂಘದ ಕೆಲಸದ ಮೇಲೆ ಹೋದಾಗ ಒಬ್ಬ ರೈತರ ದನದ ಕೊಟ್ಟಿಗೆಯ ಮೂಲೆಯಲ್ಲಿ ತುಕ್ಕು ಹಿಡಿದ ಒಂದು ಕಬ್ಬಿಣದ ನೇಗಿಲನ್ನು ಕಂಡೆವು. ಮೇಲೆ ಎರಕದ ಅಕ್ಷರಗಳು ಅರ್ಧ ಸವೆದಿದ್ದವು. ಹೊಲವನ್ನು ಈಗ ಬಾಡಿಗೆಯ ಟ್ರ್ಯಾಕ್ಟರು ಉಳುತ್ತದೆ. ಗುಜರಿಯವನಿಗೆ ಏಕೆ ಹಾಕಲಿಲ್ಲವೆಂದು ಕೇಳಿದೆವು. “ನಮ್ಮ ಮುತ್ತ್ಯಾ ಕರಕಿ ತೆಗದದ್ದು ಇದರಿಂದರೀ,” ಎಂದರು ಆ ರೈತರು. ಮುಂದೆ ಏನೂ ಹೇಳಲಿಲ್ಲ.

ಲಕ್ಷ್ಮಣರಾಯರು 1956ರ ಸಪ್ಟೆಂಬರ 26ರಂದು ತೀರಿಕೊಂಡರು. ಅವರ ಜನ್ಮಶತಾಬ್ದಿಗೆ, 1969ರಲ್ಲಿ, ಭಾರತ ಸರಕಾರವು ಅಂಚೆಯ ಚೀಟಿಯನ್ನು ಹೊರಡಿಸಿತು. ಅವರು ತೀರಿಕೊಂಡ ಮೂವತ್ತಾರನೆಯ ದಿನ, ನವೆಂಬರ 1ರಂದು, ರಾಜ್ಯಗಳ ಪುನರ್ರಚನೆಯಾಯಿತು. ಗುರ್ಲಹೊಸೂರು, ಬೆಳಗಾವಿಗಳು ಮೈಸೂರು ರಾಜ್ಯವನ್ನು ಸೇರಿದವು. ಕಿರ್ಲೋಸ್ಕರವಾಡಿಯು ಮುಂಬಯಿ ರಾಜ್ಯದಲ್ಲಿ ಉಳಿಯಿತು, ಸೊಲ್ಲಾಪುರದ ನಾವೂ ಅದರಲ್ಲಿಯೇ ಉಳಿದೆವು. ಬೆಳಗಾವಿಯಿಂದ ಯಂತ್ರಗಳು ಹೋದ ಆ ಹಳಿಯ ಮೇಲೆ ರೈಲುಗಳು ಇಂದಿಗೂ ಓಡುತ್ತವೆ. ಘಟಪ್ರಭೆ, ರಾಯಬಾಗ, ಕುಡಚಿಗಳನ್ನು ದಾಟಿ, ಮಿರಜದಲ್ಲಿ ನಿಂತು, ಭಿಲವಡಿಯ ಆಚೆಯ ಆ ನಿಲ್ದಾಣಕ್ಕೆ.